ನಿಂತ ಕಾಲಿನ ನರ

ಶಹಾಪುರದಲ್ಲಿ ಆಗ ಯಾರು ಏನೆಂದರೂ ಜಾಗ ಬಿಟ್ಟು ಕದಲದವು ಎರಡಿದ್ದವು. ಒಂದು ಊರ ಪಕ್ಕದ ಗುಡ್ಡ, ಇನ್ನೊಂದು ಕಚೇರಿಯ ಬಾಗಿಲಲ್ಲಿ ನಿಂತ ಚಪರಾಸಿ ಮರಿಲಿಂಗಪ್ಪ. ಗುಡ್ಡ ದೂರದಿಂದ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಈಗ ಅದಕ್ಕೆ ಮಲಗಿದ ಬುದ್ಧ ಎಂಬ ಹೆಸರಿದೆ, ಪರವೂರಿನವರು ಬಂದು ನೋಡಿ ಹೋಗುತ್ತಾರೆ. ಮರಿಲಿಂಗಪ್ಪನ ಹೆಂಡತಿ ಮೌನಮ್ಮನಿಗೆ ಬುದ್ಧನ ಸುದ್ದಿ ಗೊತ್ತಿರಲಿಲ್ಲ. ಗುಡ್ಡ ಮಲಗಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ಅದನ್ನೇ ಎತ್ತಿ ಆಡುತ್ತಿದ್ದಳು.

“ಕಲ್ಲಿನ ಗುಡ್ಡ, ಅದೂ ಕಾಲು ಚಾಚಿ ಮಲಗ್ಯಾದ. ನೀವು ಅದಕ್ಕಿಂತ ಕಡೀ ಆದ್ರಲ್ಲ.”

ಮೌನಮ್ಮ ಕಕ್ಕೇರಾ ಕಡೆಯವಳು. ತಿಂಥಣಿಯ ಮೌನಪ್ಪನಿಗೆ ಹರಕೆ ಹೊತ್ತು ಹುಟ್ಟಿದ ಮಗಳೆಂದು ತಂದೆತಾಯಿ ಆ ಹೆಸರಿಟ್ಟಿದ್ದರು. ಮುಂದೆ ಅವಳ ಬಾಯಿ ಹೇಗಾಗುತ್ತದೆಂದು ಅವರಿಗೆ ತಿಳಿದಿದ್ದರೆ ಬೇರೆ ದೇವರನ್ನು ನೋಡಿಕೊಳ್ಳುತ್ತಿದ್ದರು. ಕೆಟ್ಟ ಹೆಂಗಸಲ್ಲ. ಆದರೆ ಹೇಳಿದ ಮಾತನ್ನು ಕೇಳದ ಗಂಡನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದವಳ ಬಾಯಿ ಮೆತ್ತಗೆ ಹೇಗೆ ಉಳಿದೀತು?

ದಿನಾ ಸಂಜೆ ಮರಿಲಿಂಗಪ್ಪ ಕಚೇರಿಯಿಂದ ಬಂದು, ಸೊಂಟದ ಪಟ್ಟಾ ಬಿಚ್ಚಿ, ಪಾಯಿಜಾಮ ತೆಗೆದು ತುಂಡು ಧೋತರ ಸುತ್ತಿಕೊಂಡು ಅಂಗಳದ ಕಲ್ಲಿನ ಮೇಲೆ ನಿಲ್ಲುತ್ತಿದ್ದ. ಮೌನಮ್ಮ ಅವನ ಕಾಲಿಗೆ ಬಿಸಿನೀರು ಹಾಕುತ್ತಿದ್ದಳು. ಆಗ ಕಾಣುತ್ತಿದ್ದವು ಆ ನರಗಳು. ಮೀನಖಂಡದ ಮೇಲೆ, ಮೊಣಕಾಲ ಹಿಂದೆ, ಹಸಿರೋ ನೀಲಿಯೋ ಹೇಳಲಾಗದ ಬಣ್ಣದಲ್ಲಿ, ಹಳೆಯ ಹಗ್ಗವನ್ನು ಚರ್ಮದ ಕೆಳಗೆ ಮುದುಡಿ ಇಟ್ಟ ಹಾಗೆ ಗಂಟುಗಂಟಾಗಿ ಉಬ್ಬಿಕೊಂಡಿದ್ದವು. ಮೊದಮೊದಲು ಎಡಗಾಲಿನಲ್ಲಿ ಒಂದು ಎಳೆ ಇತ್ತು. ವರ್ಷ ಕಳೆದಂತೆ ಎರಡೂ ಕಾಲು ತುಂಬಿದವು.

ಅವನಿಗೆ ಅದರ ಹೆಮ್ಮೆ ಬೇರೆ.

“ನೋಡು, ನರ ಹ್ಯಾಂಗ ಎದ್ದಾವ. ಇದು ದುಡಿದ ಕಾಲು.”

ಈ ಹೆಮ್ಮೆಗೂ ಒಂದು ಕಥೆ ಇತ್ತು, ಅದನ್ನು ಮೌನಮ್ಮ ಕೇಳಿ ಕೇಳಿ ರೋಸಿ ಹೋಗಿದ್ದಳು. ನಿಜಾಮನ ಕಾಲದಲ್ಲಿ ಹಳೆಯ ಸಾಹೇಬರೊಬ್ಬರು ಸುರಪುರದ ಕಡೆ ಹಳ್ಳಿ ತಿರುಗಲು ಹೋದಾಗ ಹಳ್ಳ ದಾಟಬೇಕಾಗಿ ಬಂತಂತೆ. ಮರಿಲಿಂಗಪ್ಪ ಪಾಯಿಜಾಮ ಮೇಲೆತ್ತಿ ಮುಂದೆ ನಡೆದಾಗ ಸಾಹೇಬರು ಅವನ ಕಾಲು ನೋಡಿ ಕೂಡಿದವರಿಗೆಲ್ಲ ತೋರಿಸಿ, ಶಾಬಾಸ್, ನೌಕರಿ ಮಾಡಿದವನ ಕಾಲು ಅಂದರೆ ಇದು ಎಂದರಂತೆ. ಸಾಹೇಬರು ಹಳ್ಳ ದಾಟಿ ಮುಂದೆ ಹೋದರು, ಮುಂದೆ ನೌಕರಿ ಬಿಟ್ಟೂ ಹೋದರು. ಅವರ ಶಾಬಾಸು ಮಾತ್ರ ಇವನ ಕಾಲಿಗೆ ಅಂಟಿಕೊಂಡೇ ಉಳಿಯಿತು.

ನಿಲ್ಲುವುದು ಮರಿಲಿಂಗಪ್ಪನಿಗೆ ಅಪ್ಪನಿಂದ ಬಂದ ವಿದ್ಯೆ. ಅವನಪ್ಪನೂ ಅದೇ ಬಾಗಿಲಲ್ಲಿ ಚಪರಾಸಿ. ಗೋಡೆಗೆ ಆತುಕೊಳ್ಳಬಾರದು, ಕಾಲು ಬದಲಾಯಿಸಬಾರದು, ಸಾಹೇಬರು ಒಳಗಿರುವಷ್ಟು ಹೊತ್ತು ಮೊಣಕಾಲು ಮಡಚಬಾರದು. ಅಪ್ಪನ ಲೆಕ್ಕದಲ್ಲಿ ಕೂತ ಚಪರಾಸಿ ಎಂದರೆ ಕೆಲಸ ಹೋದ ಚಪರಾಸಿ. ಆ ಮುದುಕ ಕೆಲಸ ಬಿಟ್ಟ ಮೇಲೆ ಮಾತ್ರ ಮನೆಯ ಬಾಗಿಲಲ್ಲಿ ಹೊರಸು ಹಾಕಿಕೊಂಡು ಕೂತವನು ಸಾಯುವ ತನಕ ಎದ್ದಿರಲಿಲ್ಲ. ಒಂದೇ ಕೋಣೆಯ ಮನೆ. ಮಾವ ಕೂತ ಕಡೆ ಸೊಸೆ ಕೂರುವಂತಿಲ್ಲ. ಅವನು ಕೂತಿದ್ದ ಅಷ್ಟೂ ವರ್ಷ ಮೌನಮ್ಮ ಒಲೆ ಬಿಟ್ಟರೆ ಬಾಗಿಲ ಮರೆ, ಬಾಗಿಲ ಮರೆ ಬಿಟ್ಟರೆ ಒಲೆ. ಅದು ಎಲ್ಲರ ಮನೆಯಲ್ಲೂ ಇದ್ದದ್ದೇ, ಅದನ್ನೇನು ದೊಡ್ಡದು ಮಾಡುವುದು ಎಂದು ಅವಳೇ ಅನ್ನುತ್ತಿದ್ದಳು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು. ರಜಾಕಾರರ ಗದ್ದಲದಲ್ಲಿ ಊರು ಅರ್ಧ ಖಾಲಿಯಾಗಿತ್ತು. ಮಿಲಿಟರಿ ಲಾರಿಗಳು ಶಹಾಪುರದೊಳಗೆ ಬಂದ ದಿನ ಕಚೇರಿಯಲ್ಲಿ ಸಾಹೇಬರಿರಲಿಲ್ಲ, ಕಾರಕೂನರಿರಲಿಲ್ಲ, ಬೀಗ ಹಾಕುವುದಕ್ಕೂ ಯಾರೂ ಇರಲಿಲ್ಲ. ಬಾಗಿಲಲ್ಲಿ ಮರಿಲಿಂಗಪ್ಪ ನಿಂತಿದ್ದ. ಲಾರಿಯಿಂದಿಳಿದ ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಯಾರು ನೀನು ಎಂದು ಹಿಂದುಸ್ತಾನಿಯಲ್ಲಿ ಕೇಳಿದ. ಚಪರಾಸಿ ಹುಜೂರ್, ಎಂದ ಇವನು. ಅಧಿಕಾರಿ ತಲೆಯಾಡಿಸಿ ಒಳಗೆ ಹೋದ.

ಅಷ್ಟೇ ನಡೆದದ್ದು. ಮುಂದೆ ನಿಜಾಮನ ರಾಜ್ಯ ಹಿಂದುಸ್ತಾನದಲ್ಲಿ ಸೇರಿ ಹೊಸ ಸರ್ಕಾರದ ಅಮಲು ಬಂದಾಗ ಹಳೆಯ ಚಪರಾಸಿಗಳಲ್ಲಿ ಕೆಲವರನ್ನು ಮನೆಗೆ ಕಳಿಸಿದರು, ಇವನನ್ನು ಉಳಿಸಿಕೊಂಡರು. ಯಾಕೆ ಉಳಿಸಿಕೊಂಡರೋ ಯಾರಿಗೆ ಗೊತ್ತು. ಮರಿಲಿಂಗಪ್ಪನಿಗೆ ಮಾತ್ರ ಗೊತ್ತಿತ್ತು. ಅವತ್ತು ನಿಂತಿದ್ದಕ್ಕೆ ನೌಕರಿ ಉಳಿಯಿತು. ಅವತ್ತೇನಾದರೂ ಕೂತಿದ್ದರೆ? ಈ ಪ್ರಶ್ನೆ ಅವನ ತಲೆಯೊಳಗೆ ಹೊಕ್ಕದ್ದು ಹೊರಗೆ ಬರಲೇ ಇಲ್ಲ. ಉರ್ದು ಅಕ್ಷರದ ಹಿತ್ತಾಳೆ ಬಿಲ್ಲೆ ಹೋಯಿತು, ಸಲಾಮು ಮಾಡುವ ರೀತಿ ಬದಲಾಯಿತು, ಬಾಗಿಲ ಮೇಲಿನ ಬಾವುಟ ಬದಲಾಯಿತು. ನಿಲ್ಲುವುದು ಮುಗಿಯಿತು ಎಂದು ಯಾರೂ ಅವನಿಗೆ ಹೇಳಲಿಲ್ಲ.

ಹೇಳಿದವರು ಒಬ್ಬರಿದ್ದರು. ಧಾರವಾಡ ಕಡೆಯಿಂದ ಹೊಸದಾಗಿ ಬಂದ ತಹಶೀಲ್ದಾರರು, ವಯಸ್ಸಿನಲ್ಲಿ ಸಣ್ಣವರು. ಬಂದು ಕೆಲವು ದಿನದಲ್ಲೇ ಮರಿಲಿಂಗಪ್ಪ ಸಂಜೆಯ ತನಕ ಹಾಗೇ ನಿಂತಿರುವುದನ್ನು ನೋಡಿ ಅವರಿಗೇ ಕಾಲು ನೋಯಿತೋ ಏನೋ, ಒಂದು ಮರದ ಸ್ಟೂಲು ಮಾಡಿಸಿ ಬಾಗಿಲ ಪಕ್ಕ ಇಡಿಸಿದರು.

“ಕೂಡಪಾ ಮರಿಲಿಂಗಪ್ಪ. ಕರದಾಗ ಎದ್ದು ಬಂದ್ರ ಸಾಕು.”

“ಸಾಹೇಬ್ರು ಒಳಗಿದ್ದಾಗ ನಾ ಹ್ಯಾಂಗ ಕುಂದರ್ಲಿರಿ?” ಎಂದ ಮರಿಲಿಂಗಪ್ಪ. ಸ್ಟೂಲಿನ ಮೇಲೆ ಟಪಾಲಿನ ಚೀಲ ಇಟ್ಟ, ಅದರ ಪಕ್ಕ ನೀರಿನ ತಂಬಿಗೆ ಇಟ್ಟ, ತಾನು ಮೊದಲಿನ ಜಾಗದಲ್ಲೇ ನಿಂತ. ಚೀಲಕ್ಕೂ ತಂಬಿಗೆಗೂ ಒಳ್ಳೆಯ ಕಾಲ ಬಂತು ಎಂದು ಕಾರಕೂನರು ನಕ್ಕರು. ಮೌನಮ್ಮನಿಗೆ ಈ ಸುದ್ದಿ ಮುಟ್ಟಿಸಿದವರು ಪಕ್ಕದ ಮನೆಯ ಶರೀಫಸಾಬರು, ಕಚೇರಿಯ ಎದುರು ಚಹಾದ ಅಂಗಡಿ ಇಟ್ಟವರು. ಅವಳಿಗೆ ನಗು ಬರಲಿಲ್ಲ.

ಯಾಕೆಂದರೆ ಅಷ್ಟು ಹೊತ್ತಿಗೆ ಆ ಕಾಲು ಹೆಮ್ಮೆ ಪಡುವ ಕಾಲಾಗಿ ಉಳಿದಿರಲಿಲ್ಲ. ಸಂಜೆಯಾದರೆ ಪಾದ ಉಬ್ಬಿ ಜೋಡಿನ ಗುರುತು ಮೂಡುತ್ತಿತ್ತು. ಹಿಮ್ಮಡಿಯ ಮೇಲ್ಭಾಗದ ಚರ್ಮ ಕಪ್ಪಾಗಿ ಬಿರುಸಾಯಿತು, ತುರಿಕೆ ಹತ್ತಿತು. ಒಂದು ದಿನ ನಿದ್ದೆಗಣ್ಣಿನಲ್ಲಿ ಕೆರೆದುಕೊಂಡ, ಜೋಳದ ಕಾಳಿನಷ್ಟು ಗಾಯವಾಯಿತು. ಮೌನಮ್ಮ ಅರಿಸಿನ ಎಣ್ಣೆ ಹಚ್ಚಿದಳು. ಆ ಗಾಯ ಮಾಯಲಿಲ್ಲ. ಮಾಯುವುದಿರಲಿ, ದಿನದಿನಕ್ಕೆ ಅಗಲವಾಗಿ ನೀರು ಸೋರಲು ಶುರುವಾಯಿತು.

“ನಾಳಿ ಸ್ಟೂಲಿನ ಮ್ಯಾಲೆ ಕುಂದರ್ರಿ.”

“ಆಗಲಿ ತಗೋ.”

“ಕುಂದರ್ತೀರೋ ಇಲ್ಲೋ?”

“ಸಾಹೇಬ್ರು ಒಳಗಿದ್ದಾಗ ನಾ ಹ್ಯಾಂಗ ಕುಂದರ್ಲಿ?”

ಗೋಡೆಗೆ ಹಣೆ ಚಚ್ಚಿಕೊಂಡರೆ ಗೋಡೆಯ ಮಣ್ಣಾದರೂ ಉದುರುತ್ತದೆ. ಇವನ ಮುಂದೆ ಅದೂ ಇಲ್ಲ. ಮಾತಿನಿಂದ ಆಗದ್ದನ್ನು ಕೈಯಿಂದ ಮಾಡುತ್ತೇನೆಂದು ಮೌನಮ್ಮ ತಾನೇ ಒಂದು ಉಪಾಯ ಹುಡುಕಿದಳು. ನರ ಪಾದದಿಂದ ಹುಟ್ಟಿ ಮೀನಖಂಡಕ್ಕೆ ಏರಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಈಗ ಮೊಣಕಾಲ ಹಿಂದೆ ಬಂದಿದೆ. ನಾಳೆ ತೊಡೆ, ನಾಡಿದ್ದು ಎದೆ. ಹಾವು ಕಚ್ಚಿದವನಿಗೆ ವಿಷ ಏರದ ಹಾಗೆ ಕಟ್ಟುವುದಿಲ್ಲವೇ? ಕಂಬಳಿ ನೇಯುವ ಬೀರಣ್ಣನ ಮನೆಯಿಂದ ಕರಿ ಉಣ್ಣೆಯ ದಾರ ತಂದಳು. ಮೌನಪ್ಪನ ಹೆಸರು ಹೇಳಿ ಗಂಡನ ಎರಡೂ ಮೊಣಕಾಲ ಕೆಳಗೆ ಸುತ್ತಿ ಸುತ್ತಿ, ಹಲ್ಲು ಕಚ್ಚಿ ಬಿಗಿದು ಗಂಟು ಹಾಕಿದಳು. ಅಷ್ಟು ದಿನದ ಸಿಟ್ಟೆಲ್ಲ ಆ ಗಂಟಿನಲ್ಲಿತ್ತು. ಮರಿಲಿಂಗಪ್ಪ ಇದಕ್ಕೆ ಮಾತ್ರ ಒಲ್ಲೆ ಎನ್ನಲಿಲ್ಲ, ದಾರ ಕಟ್ಟಿಕೊಂಡೂ ನಿಲ್ಲಬಹುದಲ್ಲ.

ಹದಿನೈದು ದಿನದಲ್ಲಿ ಗಾಯ ಕಲದಾರ ರೂಪಾಯಿ ನಾಣ್ಯದಷ್ಟು ಅಗಲವಾಯಿತು. ಪಾದ ಕುಂಬಳಕಾಯಿ ಹಾಗೆ ಊದಿ ಜೋಡು ಹೊಗದಾಯಿತು. ಶರೀಫಸಾಬರು ಗಾಯ ನೋಡಿ ಮೂಗು ಮುಚ್ಚಿಕೊಂಡು, “ಇದು ಮನಿ ಔಷಧಕ್ಕ ಬಗ್ಗಂಗಿಲ್ಲ ಭಾಬಿ. ಯಾದಗಿರಿಗೆ ಕರಕೊಂಡು ಹೋಗ್ರಿ. ಕಾಲು ಹೋದ ಮ್ಯಾಲೆ ಹೋಗಿ ಏನ್ ಮಾಡ್ತೀರಿ?” ಎಂದರು. ಕಾಲು ಹೋಗುತ್ತದೆ ಎಂಬ ಮಾತು ಕೇಳಿ ಮೌನಮ್ಮ ಹೆದರಿದಳು. ಅವಳು ಅಲ್ಲಿಯವರೆಗೆ ಸಿಟ್ಟು ಮಾಡಿಕೊಂಡಿದ್ದಳೇ ಹೊರತು ಹೆದರಿರಲಿಲ್ಲ.

ಯಾದಗಿರಿಗೆ ಮೋಟಾರಿನಲ್ಲಿ ಹೋದರು. ದವಾಖಾನೆಯ ಡಾಕ್ಟರು ಗುರುಮಠಕಲ್ ಕಡೆಯ ಹಿರಿಯರು, ಹೈದರಾಬಾದಿನಲ್ಲಿ ಕಲಿತು ಬಂದವರು. ಮರಿಲಿಂಗಪ್ಪನನ್ನು ಮೇಜಿನ ಮೇಲೆ ಮಲಗಿಸಿದರು. ಮೌನಮ್ಮನಿಗೆ ಬೆಂಚು ತೋರಿಸಿದರು. ಅವಳು, ಇರಲಿ ಬಿಡ್ರಿ, ಎಂದು ಗೋಡೆಯ ಪಕ್ಕದಲ್ಲಿ ನಿಂತಳು.

ಡಾಕ್ಟರು ಮೊದಲು ಹಿಡಿದದ್ದು ದಾರವನ್ನು.

“ಇದ್ಯಾರು ಕಟ್ಟಿದ್ದು?”

ಮರಿಲಿಂಗಪ್ಪ ಮೇಲಿನ ಜಂತಿ ನೋಡತೊಡಗಿದ. ಮೌನಮ್ಮನೇ ಹೇಳಬೇಕಾಯಿತು. “ನಾನ್ರಿ. ನರ ಮ್ಯಾಲೆ ಏರಬಾರದು ಅಂತ ಕಟ್ಟೀನಿ. ಹಾವು ಕಡದಾಗ ಕಟ್ತಾರಲ್ರಿ, ಹಂಗ.”

“ನರ ಏರಂಗಿಲ್ಲವ್ವ. ರಕ್ತ ಏರಬೇಕು. ಏರ್ಲಾರದ್ದಕ್ಕೇ ಈ ರೋಗ ಬಂದಾದ. ನೀ ಇದ್ದೊಂದು ದಾರಿನೂ ಕಟ್ಟಿಬಿಟ್ಟಿ.” ಕತ್ತರಿ ತಂದು ಎರಡೂ ಗಂಟು ಕತ್ತರಿಸಿದರು. ದಾರ ಇದ್ದ ಜಾಗದಲ್ಲಿ ಚರ್ಮ ಒಳಕ್ಕೆ ಹೋಗಿ ಕೆಂಪಗೆ ಬಳೆ ಹಾಕಿದ ಹಾಗಾಗಿತ್ತು.

ಮೌನಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಇಷ್ಟು ದಿನ ಗಂಡನನ್ನು ಹಟಮಾರಿ, ಮೊಂಡ ಎಂದು ಬೈದವಳು, ಅವನ ಕಾಲನ್ನು ಅರ್ಧ ಹಾಳು ಮಾಡಿದ್ದು ತಾನೇ. ಅದಕ್ಕೂ ಸಿಟ್ಟು ಬಂತು, ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯದೆ ಡಾಕ್ಟರ ಮೇಲೆಯೇ ಬಂತು.

“ಹಂಗಾದ್ರ ಕೈಯಾಗ ನೋಡ್ರಿ, ಅಲ್ಲೂ ನರ ಎದ್ದಾವ. ಅದೂ ರೋಗೇನ್ರಿ?”

ಡಾಕ್ಟರು ನಕ್ಕರು. ಮರಿಲಿಂಗಪ್ಪನ ಕೈ ಕೆಳಗೆ ಇಳಿಬಿಡಿಸಿ ಉಬ್ಬಿದ ನರ ತೋರಿಸಿದರು. ಆಮೇಲೆ ಅದೇ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿದರು. ನೋಡನೋಡುತ್ತಿದ್ದಂತೆ ನರಗಳು ಇಳಿದು ಕೈ ಸಪಾಟಾಯಿತು.

“ಎಲ್ಲಿ ಹೋದ್ವು? ಕೈಯಾಗ ನರ ಕಂಡ್ರ ಅಂಜಬ್ಯಾಡ್ರಿ. ಮೈಯಾಗ ಕೊಬ್ಬಿಲ್ಲ, ಬಿಸಲಿನ ದೇಶ, ದುಡಿಯೋ ಕೈ, ವಯಸ್ಸಾದಂಗ ಚರ್ಮ ತೆಳ್ಳಗ ಆಗ್ತದ. ಅದಕ್ಕ ಕಾಣ್ತಾವ. ಕಾಲಿನ ಮಾತು ಬ್ಯಾರೆ. ಹಿಂಗ ಸೊಟ್ಟ ಸೊಟ್ಟ ಉಬ್ಬಿ, ಸಂಜಿಗೆ ಭಾರ ಆಗಿ, ಬಾವು ಬಂದು, ಹಿಮ್ಮಡದ ಮ್ಯಾಲೆ ಚರ್ಮ ಕಪ್ಪಾಯ್ತು ಅಂದ್ರ ಅದು ಕಾಲು ಒದರಿ ಹೇಳಾಕತ್ತಾದ ಅಂತ ತಿಳೀರಿ. ಇವರು ಕೇಳ್ಲಿಲ್ಲ. ಅದಕ್ಕ ಗಾಯ ಆಗ್ಯಾದ.”

“ಏನು ಹೇಳ್ತದ್ರಿ ಕಾಲು?” ಮರಿಲಿಂಗಪ್ಪ ಮಲಗಿದಲ್ಲಿಂದ ಕೇಳಿದ.

“ರಕ್ತ ಎದಿಯಿಂದ ಕೆಳಗ ಇಳಿಯೋದು ಸಸಾರ. ಕಾಲಿಂದ ಹೊಳ್ಳಿ ಮ್ಯಾಲೆ ಏರೋದು ತ್ರಾಸ. ಅದಕ್ಕಂತ ಆ ನರದಾಗ ಸಣ್ಣ ಸಣ್ಣ ಬಾಗಿಲ ಅದಾವ. ರಕ್ತ ದಾಟಿದ ಕೂಡ್ಲೇ ಮುಚ್ಕೊಂಡು, ಕೆಳಗ ಇಳೀಲಾರ್ದಂಗ ತಡೀತಾವ. ನಡದ್ರ ಮೀನಖಂಡ ಹಿಂಡಿ ರಕ್ತಾನ ಮ್ಯಾಲೆ ದಬ್ತದ. ನಿಂತಲ್ಲೇ ನಿಂತ್ರ ದಬ್ಬೋರು ಯಾರೂ ಇಲ್ಲ. ಎಲ್ಲಾ ಭಾರ ಬಾಗಿಲ ಮ್ಯಾಲೆ. ನಿನ್ನ ಕಾಲಾಗಿನ ಚಪರಾಸಿಗಳು ದಣದಾರಪ್ಪ, ಬಾಗಿಲ ಸಡ್ಲ ಬಿಟ್ಟಾರ.”

ಇಷ್ಟು ಚಂದ ಹೇಳಿದ್ದು ಯಾರಿಗಾದರೂ ಅರ್ಥವಾಗುತ್ತಿತ್ತು. ಮರಿಲಿಂಗಪ್ಪನಿಗೂ ಅರ್ಥವಾಯಿತು, ಆದರೆ ತಪ್ಪು ಕಡೆಯಿಂದ. ಎದ್ದು ಕೂತು ಮುಖ ಗಂಟಿಕ್ಕಿ, “ಬಾಗಿಲ ಸಡ್ಲ ಬಿಡೋ ಚಪರಾಸಿ ನಾ ಅಲ್ರಿ,” ಎಂದ.

ಡಾಕ್ಟರು ಅವನನ್ನು ಬಿಟ್ಟು ಮೌನಮ್ಮನಿಗೆ ಹೇಳಿದರು. ಮುಂಜಾನೆ ಏಳುವ ಮೊದಲೇ ಪಾದದಿಂದ ಮೇಲಕ್ಕೆ ಪಟ್ಟಿ ಸುತ್ತಬೇಕು. ಮನೆಗೆ ಬಂದ ಮೇಲೆ ಕಾಲು ಎದೆಗಿಂತ ಎತ್ತರ ಇಟ್ಟು ಮಲಗಬೇಕು. ನಡೆಯಲಿ, ಕೂರಲಿ, ನಿಂತಲ್ಲೇ ನಿಲ್ಲುವುದು ಮಾತ್ರ ಬೇಡ. ಯಾವಾಗಲಾದರೂ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯತೊಡಗಿದರೆ ತಡ ಮಾಡದೆ ಬರಬೇಕು. ಹೀಗೆ ಮಾಡಿದರೆ ಗಾಯ ಮಾಯುತ್ತದೆ. ಮಾಡದಿದ್ದರೆ ಕಾಲಿನ ಭರವಸೆ ತಾವು ಕೊಡುವುದಿಲ್ಲ.

“ನಾ ನೋಡ್ಕೋತೀನ್ರಿ,” ಎಂದಳು ಮೌನಮ್ಮ. ಹೇಳುವಾಗ ತನ್ನ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜಿಕೊಳ್ಳುತ್ತಿದ್ದಳು.

ನೋಡಿಕೊಳ್ಳುವುದು ಅಷ್ಟು ಹಗುರವೇ? ಪಟ್ಟಿ ಸುತ್ತಿಸಿಕೊಂಡ, ಅದರಲ್ಲಿ ತಕರಾರಿಲ್ಲ. ಕಾಲು ಎತ್ತರಕ್ಕೆ ಇಡಿಸುವುದೇ ದೊಡ್ಡ ರಗಳೆಯಾಯಿತು. ಮೂಡಲ ಗೋಡೆಗೆ ದೇವರ ಜಗಲಿ, ಆ ಕಡೆ ಪಾದ ತೋರಿಸುವಂತಿಲ್ಲ. ಬಡಗಣಕ್ಕೆ ಜೋಳದ ಗುಮ್ಮಿ, ಅನ್ನಕ್ಕೆ ಪಾದ ತೋರಿಸುವುದುಂಟೇ? ತೆಂಕಣಕ್ಕೆ ಕಾಲು ಚಾಚಿದರೆ ತಲೆ ಬಡಗಣಕ್ಕೆ ಬರುತ್ತದೆ, ಹಾಗೆ ಮಲಗಿಸುವುದು ಹೆಣವನ್ನು. ಉಳಿದದ್ದು ಪಡುವಲು. ಮೌನಮ್ಮ ಹೊರಸನ್ನು ಎಳೆದು ಎಳೆದು ಆ ಕಡೆ ತಿರುಗಿಸಿ, ಕೌದಿ ಮಡಚಿ ಎತ್ತರ ಮಾಡಿ ಇಟ್ಟಳು.

“ಆ ಗೋಡಿ ಆಚೆ ಶರೀಫಸಾಬ್ರು ನಮಾಜು ಮಾಡ್ತಾರ. ಅವರು ಮುಖ ಮಾಡೋದು ಅದೇ ದಿಕ್ಕಿಗೆ,” ಎಂದ ಮರಿಲಿಂಗಪ್ಪ.

ಅವಳು ಸಿಟ್ಟಿನಿಂದ ಗೋಡೆ ಬಡಿದು ಕೂಗಿಯೇ ಕೇಳಿದಳು. ಆ ಕಡೆಯಿಂದ ಶರೀಫಸಾಬರು, “ಹುಷಾರಿಲ್ಲದವರಿಗೆ ದಿಕ್ಕು ಯಾವ್ದಾದ್ರೇನ್ರಿ ಭಾಬಿ, ಮಲಗಸ್ರಿ,” ಎಂದರು. ಅವರು ಒಪ್ಪಿದರೂ ಇವನು ಒಪ್ಪಲಿಲ್ಲ. ಕಾಲು ಮಡಚಿಕೊಂಡು ಮಗ್ಗುಲಾಗಿ ಮಲಗಿ ಗೊರಕೆ ಹೊಡೆದ. ಮರುದಿನ ಪಟ್ಟಿಯ ಮೇಲೆ ಪಾಯಿಜಾಮ ಏರಿಸಿ, ಕಚೇರಿಗೆ ಹೋಗಿ, ನಿಂತ.

ಮೌನಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಹುಣಸಗಿಗೆ ಕೊಟ್ಟ ಮಗಳು ದೇವಕಮ್ಮ ಬಂದು ಅಪ್ಪನ ಮುಂದೆ ಅತ್ತು ಹೋದಳು, ಅದೂ ನಾಟಲಿಲ್ಲ. ಕೊನೆಗೆ ಒಂದು ದಿನ ಗಂಡ ಟಪಾಲು ತರಲು ಅಂಚೆಗೆ ಹೋಗುವ ಹೊತ್ತು ನೋಡಿಕೊಂಡು, ತಲೆ ತುಂಬ ಸೆರಗು ಹೊದ್ದು, ಹುಟ್ಟಿದಾಗಿನಿಂದ ಕಾಲಿಡದ ಕಚೇರಿಯೊಳಗೆ ಕಾಲಿಟ್ಟಳು. ಬಾಗಿಲಲ್ಲಿ ಸ್ಟೂಲು ಇತ್ತು. ಅದರ ಮೇಲೆ ತಂಬಿಗೆ ಇತ್ತು.

ತಹಶೀಲ್ದಾರರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

“ನಾ ಏನ ಮಾಡ್ಲಿ ತಾಯಿ? ಸ್ಟೂಲ ಕೊಟ್ಟೀನಿ. ದಿನಾ ಹೇಳ್ತೀನಿ. ಕೈ ಹಿಡದು ಕೂಡಸ್ಲೇನು?”

“ನೀವು ಹೇಳೋದು ಕೂಡಪಾ ಅಂತ್ರಿ. ಅದು ಪ್ರೀತಿ ಮಾತಾಯ್ತು. ಅವರಿಗೆ ಪ್ರೀತಿ ಮಾತು ಕಿವ್ಯಾಗ ಇಳ್ಯಂಗಿಲ್ಲ. ಹುಕುಂ ಮಾಡ್ರಿ. ಹುಕುಂ ಅಂದ್ರ ಬಾವಿಗೂ ಬೀಳ್ತಾರ.”

ತಹಶೀಲ್ದಾರರು ಒಳ್ಳೆಯ ಮನುಷ್ಯ. ಅವತ್ತೇ ಮರಿಲಿಂಗಪ್ಪನನ್ನು ಮೇಜಿನ ಮುಂದೆ ಕರೆದು, ದನಿ ಗಡಸು ಮಾಡಿಕೊಂಡು, ನಾಳೆಯಿಂದ ನೀನು ಸ್ಟೂಲಿನ ಮೇಲೆ ಕೂತೇ ಡ್ಯೂಟಿ ಮಾಡತಕ್ಕದ್ದು, ಇದು ಹುಕುಂ ಎಂದರು. ಜೀ ಹುಜೂರ್, ಎಂದ ಮರಿಲಿಂಗಪ್ಪ.

ಮಾರನೆಯ ದಿನ ಅವನು ಕೂತ. ಶರೀಫಸಾಬರು ಅಂಗಡಿ ಬಿಟ್ಟು ಓಡಿ ಬಂದು ಹೇಳಿ ಹೋದರು. ಮೌನಮ್ಮ ಗೆದ್ದ ಹುರುಪಿನಲ್ಲಿ ಜೋಳದ ರೊಟ್ಟಿಗೆ ಜೊತೆಯಾಗಿ ಎಣ್ಣೆಗಾಯಿ ಬದನೆಕಾಯಿ ಪಲ್ಯ ಮಾಡಿದಳು. ಸಂಜೆ ಬಾಗಿಲಲ್ಲಿ ನಿಂತು ದಾರಿ ನೋಡಿದಳು, ದಿನಾ ಹಾಗೇ ನಿಲ್ಲುತ್ತಿದ್ದಳು. ಗಂಡ ಬಂದ. ಆದರೆ ಕಾಲಿಗೆ ನೀರು ಹಾಕಿಸಿಕೊಳ್ಳುವ ಕಲ್ಲಿನ ಕಡೆ ಬರಲಿಲ್ಲ. ಕೋಟು ಬಿಚ್ಚಲಿಲ್ಲ. ಅಂಗಳದ ಬೇವಿನ ಗಿಡದ ಪಕ್ಕ ಹೋಗಿ, ಮೊಣಕಾಲು ನೆಟ್ಟಗೆ ಮಾಡಿ, ಕೈ ಹಿಂದೆ ಕಟ್ಟಿ ನಿಂತುಬಿಟ್ಟ.

“ಏನ್ರಿ ಇದು?”

“ಹುಕುಂ ಕಚೇರ್ಯಾಗ ಅದ. ಮನ್ಯಾಗ ಇಲ್ಲ.”

“ಮನ್ಯಾಗ ಯಾವ ಸಾಹೇಬ್ರು ಅದಾರ್ರಿ, ಯಾರಿಗಂತ ನಿಂತೀರಿ?”

ಅವನು ಗಿಡದ ಕಡೆ ನೋಡಿಕೊಂಡೇ ಹೇಳಿದ. “ಹಗಲೆಲ್ಲ ಕುಂತೆ. ಬಂದವರು ನನ್ನ ದಾಟಿ ಒಳಗ ಹೋದ್ರು. ವಡಗೇರಾದಾಂವ ಒಬ್ಬ ನನ್ನೇ ಕೇಳಿದ, ಇಲ್ಲಿ ಚಪರಾಸಿ ಇಲ್ಲೇನು ಅಂತ. ಕುಂತು ಉಂಡ ರೊಟ್ಟಿ ನನಗ ಅರಗಂಗಿಲ್ಲ. ಒಂದೀಟು ನಿಂತು ಬರ್ತೀನಿ, ನೀ ಒಳಗ ನಡಿ.”

ಮೌನಮ್ಮನಿಗೆ ಒಂದು ಕ್ಷಣ ಪಾಪ ಎನಿಸಿತು. ಮರುಕ್ಷಣವೇ ಅದಕ್ಕಿಂತ ದೊಡ್ಡ ಸಿಟ್ಟು ಬಂತು. ಒಂದೀಟು ಎಂದದ್ದು ಬೆಳಕು ಹೋಗುವ ತನಕ ನಡೆಯಿತು. ಅವತ್ತೊಂದೇ ದಿನವಲ್ಲ, ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಹಗಲು ಸರ್ಕಾರದ ಹುಕುಂ ಪಾಲಿಸಿ ಕೂತಾಗ ಗಾಯ ಒಂದಿಷ್ಟು ಒಣಗುತ್ತಿತ್ತು. ಸಂಜೆ ಬೇವಿನ ಗಿಡದ ಪಕ್ಕ ನಿಂತಾಗ ಮತ್ತೆ ಸೋರುತ್ತಿತ್ತು. ಅವನು ಗಿಡದ ಪಕ್ಕದಿಂದ ಒಳಗೆ ಬರುವ ತನಕ ರೊಟ್ಟಿ ಆರುತ್ತಿತ್ತು. ಅವನು ಉಂಡು ಏಳುವ ತನಕ ಅವಳು ಬಡಿಸುತ್ತ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಬೈದಳು, ಅತ್ತಳು, ಉಪವಾಸ ಮಾಡುತ್ತೇನೆಂದು ಹೆದರಿಸಿದಳು. ಮೌನಪ್ಪನಿಗೆ ಹರಕೆ ಹೊತ್ತಳು, ಹೊತ್ತ ಮೇಲೆ ಮೌನಪ್ಪನನ್ನೂ ಬೈದಳು. ಆ ಗಂಡಸು ಪಟ್ಟು ಬಿಡಲಿಲ್ಲ.

ಒಂದು ಶನಿವಾರ ಕಚೇರಿ ಬೇಗ ಮುಗಿಯಿತು. ಇನ್ನೂ ಬಿಸಿಲಿತ್ತು. ಮೌನಮ್ಮ ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಗಿಸಿಕೊಂಡು ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದಳು. ಗಂಡ ಬಂದದ್ದು ಗೊತ್ತಾಗಲಿಲ್ಲ. ತಲೆ ಎತ್ತಿದರೆ ಅವನಾಗಲೇ ಬೇವಿನ ಗಿಡದ ಪಕ್ಕ ತನ್ನ ಜಾಗದಲ್ಲಿ ನಿಂತಿದ್ದ.

ಅವಳಿಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಸೆಗಣಿ ಬುಟ್ಟಿಯನ್ನು ಅಲ್ಲೇ ಕುಕ್ಕಿದಳು. ಎದ್ದು ನಿಂತಳು. ಬೈಯಲು ಬಾಯಿ ತೆರೆದಳು, ಬೈಗುಳ ಒಂದೂ ಉಳಿದಿರಲಿಲ್ಲ, ಎಲ್ಲ ಬೈದು ಮುಗಿದಿತ್ತು. ಸುಮ್ಮನೆ ಅವನನ್ನೇ ದುರುಗುಟ್ಟಿ ನೋಡುತ್ತ ನಿಂತಳು. ತಿಗಣೆ ಹೋಗಲೆಂದು ಹೊರಗೆ ಹಾಕಿದ್ದ ಹೊರಸು ಇಬ್ಬರ ನಡುವೆ ಬಿಸಿಲಲ್ಲಿ ಖಾಲಿ ಬಿದ್ದಿತ್ತು.

ಮರಿಲಿಂಗಪ್ಪ ಕೆಳಗೆ ನೋಡುತ್ತಿದ್ದ.

“ಕಾಲಿಗೇನಾಗ್ಯಾದ?” ಎಂದ.

“ಇಷ್ಟ ದಿನದ ಮ್ಯಾಲೆ ನನ್ನ ಕೇಳ್ತೀರೇನು? ಡಾಕ್ಟರು ಮುಖಕ್ಕ ಹೊಡದಂಗ ಹೇಳ್ಯಾರಲ್ಲ.”

“ನನ್ನವಲ್ಲ. ನಿನ್ನವು.”

ಮೌನಮ್ಮ ಬಗ್ಗಿ ನೋಡಿಕೊಂಡಳು. ಮೊಣಕಾಲಿನಿಂದ ಕೆಳಗೆ ಎರಡೂ ಕಾಲಿನಲ್ಲಿ ಅದೇ ಹಸಿರು ನೀಲಿ, ಅದೇ ಗಂಟು, ಅದೇ ಸೊಟ್ಟ ಹಗ್ಗ. ಹಿಮ್ಮಡಿಯ ಮೇಲೆ ಚರ್ಮ ಕಪ್ಪಾಗಿತ್ತು. ಅವಳಿಗೆ ಅದು ಹೊಸದಲ್ಲ. ಗಡಬಡಿಸಿ ಸೀರೆ ಕೆಳಗೆ ಬಿಟ್ಟಳು.

“ಏನಿಲ್ಲ ಬಿಡ್ರಿ. ದೇವಕಮ್ಮ ಹೊಟ್ಟ್ಯಾಗ ಇದ್ದಾಗ ಎದ್ದಿದ್ದು, ಇಳೀಲೇ ಇಲ್ಲ.”

“ನನಗ ಯಾಕ ಹೇಳ್ಲಿಲ್ಲ?”

“ಹೇಳೋದೇನದ? ನನ್ನ ಕಾಲು ಯಾರು ನೋಡ್ಬೇಕು?”

ಮರಿಲಿಂಗಪ್ಪ ಏನೋ ಲೆಕ್ಕ ಹಾಕುತ್ತಿದ್ದವನಂತೆ ಮನೆಯ ಬಾಗಿಲನ್ನು ನೋಡಿದ, ಅಪ್ಪನ ಹಳೆಯ ಹೊರಸನ್ನು ನೋಡಿದ, ಬಾಗಿಲ ಮರೆಯಲ್ಲಿ ಅವಳು ದಿನಾ ನಿಲ್ಲುವ ಜಾಗ ನೋಡಿದ. ಅಲ್ಲಿ ಗೋಡೆಯ ಸುಣ್ಣ ಅವಳ ಭುಜದೆತ್ತರಕ್ಕೆ ಸವೆದು ಹೋಗಿತ್ತು.

“ಕುಂದ್ರು,” ಎಂದ.

“ನೀವು ನಿಂತಾಗ ನಾ ಹ್ಯಾಂಗ ಕುಂದರ್ಲಿರಿ?”

ಅವಳು ಚುಚ್ಚಲು ಹೇಳಿದ್ದಲ್ಲ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಗೊತ್ತಿದ್ದದ್ದೇ ಅದು. ಆದರೆ ಮರಿಲಿಂಗಪ್ಪನ ಮುಖ ಬಿಳಿಚಿಕೊಂಡಿತು. ಇದೇ ಮಾತನ್ನು ಅವನು ತಹಶೀಲ್ದಾರರಿಗೆ ಹೇಳಿದ್ದ, ಊರಿಗೆಲ್ಲ ಹೇಳಿದ್ದ, ಇವಳಿಗೆ ದಿನಾ ಹೇಳಿದ್ದ. ಈ ಮಾತಿಗೆ ಎದುರು ಮಾತಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಿಂತವರು ಕೂತರೆ ಮಾತ್ರ ಅದು ಮುಗಿಯುತ್ತದೆ.

ಅವನು ಸೊಂಟದ ಪಟ್ಟಾ ಬಿಚ್ಚಿದ. ಬೇವಿನ ಗಿಡದ ಮೋಟು ಟೊಂಗೆಗೆ ಅದನ್ನು ತೂಗು ಹಾಕಿದ. ಹಸಿ ಸೆಗಣಿಯ ಮೇಲೆ ಹೆಜ್ಜೆ ಮೂಡಿಸುತ್ತ ಬಂದು ಹೊರಸಿನ ಮೇಲೆ ಕೂತ. ಅವಳು ಸಾರಿಸಿದ್ದೆಲ್ಲ ಹಾಳಾಯಿತು.

“ಈಗ ಕುಂದ್ರು.”

ಅವಳು ಅಭ್ಯಾಸದಂತೆ ಅವನ ಕಾಲ ಬಳಿ ನೆಲಕ್ಕೆ ಕೂರಲು ಹೋದಳು. ಅವನು ತೋಳು ಹಿಡಿದು ಮೇಲೆಳೆದು ಹೊರಸಿನ ಇನ್ನೊಂದು ತುದಿಗೆ ಕೂರಿಸಿದ. ಆ ಹೊರಸಿನ ಮೇಲೆ ಮಾವ ಕೂತಿದ್ದ, ಗಂಡ ಕೂತಿದ್ದ. ಅವಳು ಅದರ ಹಗ್ಗ ಬಿಗಿದಿದ್ದಳು, ತಿಗಣೆ ಬಿಡಿಸಿದ್ದಳು. ಕೂತಿದ್ದು ಇದೇ ಮೊದಲು. ಕಾಲುಗಳು ಮೊದಲು ಜುಮ್ಮೆಂದವು, ಆಮೇಲೆ ಹಗುರಾದವು. ಇಷ್ಟು ನೋಯುತ್ತಿತ್ತು ಎಂದು ನೋವು ಇಳಿದಾಗ ಗೊತ್ತಾಯಿತು.

ಮರಿಲಿಂಗಪ್ಪ ಕೌದಿಯ ಮಡಿಕೆ ತಂದು ನಡುವೆ ಇಟ್ಟ. ಯಾವ ದಿಕ್ಕು ಎಂದು ಕೇಳಲಿಲ್ಲ.

“ಕಾಲು ಮ್ಯಾಲಿಡು. ಡಾಕ್ಟರು ಹೇಳ್ಯಾರ.”

“ಅದು ನಿಮಗ ಹೇಳಿದ್ದು, ನನಗಲ್ಲ,” ಎಂದಳು ಮೌನಮ್ಮ, ಮೊದಲಿನಷ್ಟೇ ಸಿಟ್ಟಿನಿಂದ. ಆದರೆ ಕೂತೇ ಹೇಳಿದಳು.